ಪಂಕ್ತಿಗೊಂದು ಬಕೆಟ್ಟು

ಮೊನ್ನೆ ಚನ್ನರಾಯಪಟ್ಟಣದಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಸಾರಿನ ಇಂಗಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಮೇಡಂ ನೆನಪಾದರು... ಜೊತೆಗೇ ಹಳೆಯ ಸಿಟ್ಟೂ ಬಂತು.

ಎರಡು ಸಾವಿರದ ಆಚೀಚೆ ನಾನು ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಕಂಪ್ಯೂಟರ್ ಪಾಠ ಹೇಳುತ್ತಿದ್ದ ಮೇಡಂ ಹೊಳೆನರಸೀಪುರದವರು. ಸಮಾರಾಧನೆಗಳಲ್ಲಿ ಬಡಿಸುವ ಮನೆತನ. ನಾವಾಗ ಅವರ ಜೊತೆ ಒಂದು ವರ್ಚುಯಲ್ ಮಷೀನ್ ಕಟ್ಟುತ್ತಿದ್ದೆವು. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನಂತೆ ನಡೆಯುವ ಪ್ರೋಗ್ರಾಂ ಅದು. ಒಂದೇ ಪ್ರೊಸೆಸರ್ ಇದ್ದಾಗ ಚೆನ್ನಾಗಿ ಓಡುತ್ತಿದ್ದದ್ದು, ನಾಲ್ಕಾದ ಮೇಲೆ ಕುಂಟತೊಡಗಿತು. ಮೆಮೊರಿ ಬೇಕಾದಾಗಲೆಲ್ಲ ನಾಲ್ಕೂ ಒಂದೇ ಉಗ್ರಾಣದ ಬಾಗಿಲಲ್ಲಿ ಕಾಯುತ್ತಿದ್ದವು.

"ಒಂದೇ ಹಂಡೆಗೆ ಎಲ್ರೂ ನುಗ್ಗಿದ್ರೆ ಎಲೆ ಮುಂದೆ ಕೂತೋರ ಗತಿ ಏನ್ರೋ? ಪಂಕ್ತಿಗೊಂದು ಬಕೆಟ್ ಕೊಡಿ," ಎಂದರು ಮೇಡಂ. ಪ್ರತಿ ಪ್ರೊಸೆಸರಿಗೂ ಅದರದೇ ಒಂದಿಷ್ಟು ಮೆಮೊರಿ ಕೊಟ್ಟೆವು. ಮುಗಿದಾಗ ಮಾತ್ರ ಉಗ್ರಾಣಕ್ಕೆ ಹೋಗಬೇಕು. ಮಷೀನು ಸಲೀಸಾಗಿ ಓಡಿತು.

ಕಾಲೇಜಿನ ಸೆಮಿನಾರಿಗೆ ಹೊರಗಿನಿಂದ ಬರಲಿದ್ದ ಪ್ರೊಫೆಸರ್ ಒಬ್ಬರು ಇದನ್ನು ಮೆಚ್ಚಿದರೆ ಅವರ ಬಳಿ ಪಿಎಚ್‌ಡಿಗೆ ಸೇರಬೇಕೆಂದು ಮೇಡಂ ಆಸೆಯಿಂದ ಕಾದಿದ್ದರು. ನಮ್ಮ ವಿಭಾಗದ ಮುಖ್ಯಸ್ಥರು ಏನು ಮಾಡಿದರು ಗೊತ್ತೇ? ಅದು ತಮ್ಮದೇ ಎಂಬಂತೆ ತಾವು ವೇದಿಕೆ ಹತ್ತಿದರು, ಮೇಡಂ ಅವರನ್ನು ಊಟದ ಉಸ್ತುವಾರಿಗೆ ಅಟ್ಟಿದರು! ಹೆಂಗಸು, ಅದರಲ್ಲೂ ಬಡಿಸುವ ಮನೆತನದವರು, ಇನ್ನೇನು ಬೇಕು...

ಪ್ರೊಫೆಸರ್ ಒಂದೇ ಪ್ರಶ್ನೆ ಕೇಳಿದರು. ಒಂದು ಪ್ರೊಸೆಸರಿನ ಬಳಿ ಮೆಮೊರಿ ಮಿಕ್ಕಿದೆ, ಇನ್ನೊಂದರ ಬಳಿ ಮುಗಿದಿದೆ, ಉಗ್ರಾಣವೂ ಖಾಲಿ, ಆಗೇನು? ಮುಖ್ಯಸ್ಥರು ತಮ್ಮ ಕಾಗದಗಳನ್ನು ಮಗುಚತೊಡಗಿದರು. ಬಾಗಿಲಲ್ಲಿದ್ದ ಅಟೆಂಡರ್, ಪಕ್ಕದ ಕಟ್ಟಾಯ ಊರಿನವನು, ತಡೆಯಲಾರದೆ ಹೇಳಿಬಿಟ್ಟ: "ಮೇಡಮ್ಮೋರು ಅಲ್ಲೇ ಮೊದಲ್ನೇ ಪಂಕ್ತಿಗೆ ಸಾರು ಬಡುಸ್ತಾವ್ರೆ ಸಾ, ಕರ್ಕಂಬರ್ಲಾ?"

"ಸುಮ್ನಿರಯ್ಯ, ಇದು ಅಡುಗೆಮನೆ ವಿಷಯ ಅಲ್ಲ," ಎಂದರು ಮುಖ್ಯಸ್ಥರು.

ನನಗೆ ಮೈಯೆಲ್ಲ ಉರಿದುಹೋಯಿತು. ಅಡುಗೆಮನೆಯದೇ ವಿಷಯವಲ್ಲವೇ ಅದು! ವಿನ್ಯಾಸ ಅಪೂರ್ಣ ಎಂದು ಹೇಳಿ ಪ್ರೊಫೆಸರ್ ಊಟಕ್ಕೆ ಎದ್ದರು. ಪಂಕ್ತಿ ಕೂತ ಮೇಲೆ ನಾನು ಬಡಿಸುತ್ತಿದ್ದ ಮೇಡಂ ಬಳಿ ಓಡಿಹೋಗಿ ಪ್ರಶ್ನೆ ತಿಳಿಸಿದೆ. ಪಕ್ಕದ ಪಂಕ್ತಿಗೆ ಬಡಿಸುತ್ತಿದ್ದವನ ಬಕೆಟ್ ಬರಿದಾಗಿತ್ತು. ಮೇಡಂ ತಮ್ಮ ಬಕೆಟ್ಟಿನಿಂದ ಅರ್ಧ ಸಾರು ಅದಕ್ಕೆ ಸುರಿದು, "ಇಷ್ಟೇ ಕಣೋ," ಎಂದರು. ಪ್ರೊಫೆಸರ್ ಅದೇ ಪಂಕ್ತಿಯಲ್ಲಿ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಅವರಿಗೆ ಹೇಳಲು ಹೋದೆ; "ಊಟದ ಹೊತ್ತಲ್ಲಿ ಅದೆಲ್ಲ ಯಾಕೆ," ಎಂದು ಮುಖ್ಯಸ್ಥರು ತಡೆದರು.

ಮೇಡಂಗೆ ಪಿಎಚ್‌ಡಿ ಆಗಲೇ ಇಲ್ಲ. ಅವರು ಹೋದ ವರ್ಷ ತೀರಿಕೊಂಡರಂತೆ. ಈ ಮದುವೆಯಲ್ಲೇ ಯಾರೋ ಹೇಳಿದರು...

ನನ್ನ ಎದುರು ಬಡಿಸುವವನೊಬ್ಬ, ಹಂಡೆಯ ಕಡೆ ತಿರುಗಿಯೂ ನೋಡದೆ, ಪಕ್ಕದವನ ಬಕೆಟ್ಟಿನಿಂದ ತನ್ನದಕ್ಕೆ ಸಾರು ಸುರಿಸಿಕೊಂಡ. "ಬಡುಸ್ಲಾ ಸಾ?" ಎಂದ. ಎಲೆಗೆ ಕೈ ಅಡ್ಡ ಹಿಡಿದೆ.