ಎಲೆಯ ತುದಿಯ ಉಪ್ಪು

ನನ್ನ ಮಾವನವರ ಬಲಗೈಯ ತೋರುಬೆರಳು ತುದಿಯಲ್ಲಿ ಸ್ವಲ್ಪ ಸೊಟ್ಟ. ಸರಕಾರದ ಕಾನೂನು ಕಾಗದಗಳನ್ನು ಮಲಯಾಳದಿಂದ ಕನ್ನಡಕ್ಕೆ ಬರೆದು ಬರೆದು ಹಾಗಾದದ್ದೆಂದು ಅವರೇ ಹೇಳುತ್ತಿದ್ದರು. ಊಟಕ್ಕೆ ಕುಳಿತರೆ ಆ ಬೆರಳು ಮೊದಲು ಸಾರಿಗೆ ಇಳಿಯುತ್ತಿತ್ತು, ಅಲ್ಲಿಂದ ನಾಲಗೆಯ ತುದಿಗೆ. ಆಮೇಲೆ ಕಣ್ಣು ಮುಚ್ಚುತ್ತಿದ್ದರು. ನಾನು ಸೌಟು ಹಿಡಿದು ಕಟಕಟೆಯಲ್ಲಿ ನಿಂತ ಹಾಗೆ ನಿಂತಿರುತ್ತಿದ್ದೆ.

"ಇವತ್ತು ಉಪ್ಪಿಗೆ ರಜೆಯಾ?" ಎಂದು ಒಂದು ದಿನ. "ಸಮುದ್ರ ಹತ್ತಿರ ಉಂಟು ಅಂತ ಇಡೀ ಸಮುದ್ರವನ್ನೇ ತಂದು ಹೊಯ್ಯಬೇಕಾ ಮಾರಾಯ್ತಿ?" ಎಂದು ಮರುದಿನ.

ನಾವು ಕಾಸರಗೋಡಿನ ಕಡೆಯವರು. ಆಗ ತಿರುವನಂತಪುರದಲ್ಲಿ, ಚಾಲೈ ಪೇಟೆಯ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ. ಅತ್ತೆ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಮಾವ, ನನ್ನ ಗಂಡ, ಮಗಳು, ನಾನು. ದೇವರಿಗೆ ನೈವೇದ್ಯವಾಗುವ ಮೊದಲು ಅಡಿಗೆಯ ರುಚಿ ನೋಡುವ ಹಾಗಿಲ್ಲ. ಅದು ಮಾವನ ಕಟ್ಟಳೆ ಮಾತ್ರವಲ್ಲ, ನನ್ನ ನಂಬಿಕೆಯೂ ಹೌದು. ದೇವರ ಮುಂದೆ ಎಂಜಲು ಇಡುವವಳು ನಾನಲ್ಲ. ಆದರೆ ನೈವೇದ್ಯದ ಗಂಟೆ ನಿಲ್ಲುವಾಗ ಮಾವ ಎಲೆಯ ಮುಂದೆ ಕುಳಿತೇ ಇರುತ್ತಿದ್ದರು. ನಡುವೆ ಒಂದು ಹನಿ ಬಾಯಿಗೆ ಹಾಕಿಕೊಂಡು ಸರಿಮಾಡಲು ಪುರುಸೊತ್ತೇ ಇರಲಿಲ್ಲ. ದೇವರು ಮಾತ್ರ ಒಂದು ದಿನವೂ ಉಪ್ಪು ಕಡಿಮೆ ಎನ್ನಲಿಲ್ಲ. ಅದನ್ನೊಂದು ಉಪಕಾರ ಎಂದು ಎಣಿಸಿಕೊಳ್ಳುತ್ತಿದ್ದೆ.

ಭಾನುವಾರಗಳಲ್ಲಿ ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ಕನ್ನಡದ ಹುಡುಗ ಹುಡುಗಿಯರು ಊಟಕ್ಕೆ ಬರುತ್ತಿದ್ದರು. ಮೈಸೂರಿನವರು, ಧಾರವಾಡದವರು. ಅವರು ಬಂದರೆ ಮಾವನಿಗೆ ಹುರುಪು. ಊಟದ ಕೊನೆಗೆ ಒಂದು ಕಥೆ ಆಗಲೇಬೇಕು, ಅದೂ ಅದೇ ಕಥೆ.

"ಒಬ್ಬ ರಾಜ. ಮಂತ್ರಿಯ ಜಾಣತನ ನೋಡಿ ಅವನಿಗೆ ಹೊಟ್ಟೆಯುರಿ. ಒಂದು ದಿನ ಹೇಳಿದ, ನಾಳೆ ನೀನೇ ಅಡಿಗೆ ಮಾಡಿ ಬಡಿಸಬೇಕು, ರುಚಿ ನೋಡಬಾರದು, ಉಪ್ಪು ಒಂದು ಹರಳು ಹೆಚ್ಚುಕಡಿಮೆ ಆದರೂ ನಿನ್ನ ತಲೆ ಹೋಯಿತು."

ಇಲ್ಲಿ ಮಾವ ನಿಲ್ಲಿಸಿ ಮಜ್ಜಿಗೆ ಕುಡಿಯುತ್ತಿದ್ದರು. ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಲ್ಲಿ ಬರುವುದು ಮಲಯಾಳ. "ಪಿನ್ನೆ?" ಎಂದು ಅವಸರಿಸುತ್ತಿದ್ದಳು, ಆಮೇಲೆ ಏನಾಯಿತೆಂದು.

"ಆಮೇಲೆಂತ? ಮಂತ್ರಿ ಯಾವುದಕ್ಕೂ ಉಪ್ಪೇ ಹಾಕಲಿಲ್ಲ. ಎಲೆಯ ತುದಿಯಲ್ಲಿ ಉಪ್ಪು ಬಡಿಸಿ ಕೈಮುಗಿದ. ಪ್ರಭು, ಉಪ್ಪು ನಿಮ್ಮ ಕೈಯಲ್ಲೇ ಉಂಟು. ಹೆಚ್ಚಾದರೆ ಯಾರ ತಲೆ ತೆಗೆಯುವುದು, ನೀವೇ ಹೇಳಿ ಅಂದ."

ರಾಜ ನಕ್ಕು ಬೆರಳಿನ ಉಂಗುರ ತೆಗೆದು ಕೊಡುತ್ತಿದ್ದ. ಮಾವನೂ ಹೊಟ್ಟೆ ಕುಲುಕಿಸಿ ನಗುತ್ತಿದ್ದರು. ಕಥೆ ಹೇಳುವಾಗ ಅವರು ಒಮ್ಮೆಯೂ ರಾಜನಾದದ್ದಿಲ್ಲ, ಯಾವಾಗಲೂ ಮಂತ್ರಿಯೇ. ನಾನು ಎಂಜಲೆಲೆ ತೆಗೆಯಲು ಕಾಯುತ್ತಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ.

ಆ ವರ್ಷ ನನ್ನ ಅಮ್ಮನಿಗೆ ಮರೆವು ಶುರುವಾಯಿತು. "ಅಮ್ಮ ನಿನ್ನನ್ನೇ ಕೇಳುತ್ತಾಳೆ. ಗುರುತು ಇರುವಾಗಲೇ ಒಮ್ಮೆ ಬಂದು ಹೋಗು" ಎಂದು ಊರಿನಿಂದ ಅಣ್ಣ ಫೋನು ಮಾಡಿದ. ನಾನು ಹೋದರೆ ಮಾವನಿಗೆ ಬೇಯಿಸಿ ಹಾಕುವವರು ಯಾರು ಎಂದು ಇವರು ಗೊಣಗಿದರು. ಭಾನುವಾರ ಅತಿಥಿಗಳ ಮುಂದೆಯೇ ಮಾತು ಬಂತು.

"ಹೋಗಲಿ, ಬೇಡ ಅನ್ನುವವ ನಾನಲ್ಲ" ಎಂದರು ಮಾವ. "ಒಂದು ದಿನ ಉಪ್ಪು ಸರಿಯಾದ ಊಟ ಬಡಿಸಲಿ, ಮರುದಿನವೇ ರೈಲು ಹತ್ತಲಿ."

ಎಲ್ಲರೂ ನಕ್ಕರು, ಇವರೂ ನಕ್ಕರು. ನಾನು ನಗಲಿಲ್ಲ. ನನಗೆ ಅದು ತಮಾಷೆಯಾಗಿ ಕೇಳಿಸಲಿಲ್ಲ, ಮಾತು ಕೊಟ್ಟ ಹಾಗೆ ಕೇಳಿಸಿತು.

ಮರುದಿನ ಮಿಂದು ಬಂದು, ಇವತ್ತೊಂದು ದಿನ ಸಪ್ಪೆ ಉಣ್ಣಪ್ಪಾ ಎಂದು ದೇವರ ಹತ್ತಿರ ಮೊದಲೇ ಬೇಡಿಕೊಂಡೆ. ಸಾರು, ಹುಳಿ, ಪಲ್ಯ, ಯಾವುದಕ್ಕೂ ಉಪ್ಪು ಹಾಕಲಿಲ್ಲ. ಎಲೆಯ ತುದಿಯಲ್ಲಿ ಯಾವತ್ತಿಗಿಂತ ಸ್ವಲ್ಪ ಹೆಚ್ಚೇ ಉಪ್ಪು ಬಡಿಸಿದೆ. ಬೆರಳು ಸಾರಿಗೆ ಇಳಿಯಿತು, ನಾಲಗೆಗೆ ಏರಿತು. ಕಣ್ಣು ಮುಚ್ಚಿ ತೆರೆದರು.

"ಮಾವ, ಉಪ್ಪು ನಿಮ್ಮ ಕೈಯಲ್ಲೇ ಉಂಟು" ಎಂದೆ.

ಮಗಳು ಚಪ್ಪಾಳೆ ತಟ್ಟಿದಳು. "ಅಜ್ಜಾ, ಇದ್ ಆ ಕಥಯಲ್ಲೇ?" ಎಂದಳು, ಇದು ಆ ಕಥೆಯೇ ಅಲ್ಲವಾ ಎಂದು.

ಮಾವ ನಗಲಿಲ್ಲ. ಎಡಗೈಯಿಂದ ಲೋಟ ಎಳೆದು, ಅಂಗೈಗೆ ನೀರು ಬಿಟ್ಟು ಊಟ ಮುಗಿಸಿದವರ ಹಾಗೆ ಕುಡಿದರು. "ಅದು ಅರಮನೆ. ಇದು ಮನೆ" ಎಂದು ಹೇಳಿ ತುಂಬಿದ ಎಲೆಯಿಂದ ಎದ್ದುಹೋದರು. ಹಿರಿಯರು ಹಾಗೆ ಎದ್ದರೆ ಮನೆಗೆ ಒಳ್ಳೆಯದಲ್ಲ ಎಂದು ನಂಬಿ ಬೆಳೆದವಳು ನಾನು.

"ನಿನಗೆ ಇದೆಲ್ಲ ಬೇಕಿತ್ತಾ? ಹೋಗಿ ತಪ್ಪಾಯಿತು ಹೇಳು" ಎಂದರು ಇವರು. ಹೇಳಿದೆ. ಟಿಕೇಟಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಮಗಳ ದೊಡ್ಡ ರಜೆಗೆ ಊರಿಗೆ ಹೋದೆ. ಅಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀವು ಯಾರ ಮನೆಯವರು?" ಎಂದು ಕೇಳಿದಳು. ತಡವಾಗಿತ್ತು. ನಾನೇ ಅಡಿಗೆ ಮಾಡಿ ಬಡಿಸಿದೆ. ಅಮ್ಮ ನಿಧಾನವಾಗಿ ಉಂಡು, "ಯಾರ ಕೈಯಡಿಗೆಯೋ, ಉಪ್ಪು ಹುಳಿ ಎಲ್ಲ ಹದ ಉಂಟು" ಎಂದಳು. ಮಗಳೆಂದು ಗೊತ್ತಿದ್ದು ಹೇಳಿದ್ದಲ್ಲ, ಆದ್ದರಿಂದ ಮುಖಸ್ತುತಿಯಂತೂ ಅಲ್ಲ. ಅದನ್ನೂ ಉಪಕಾರಗಳ ಲೆಕ್ಕಕ್ಕೆ ಸೇರಿಸಿಕೊಂಡೆ. ಆ ದಿನಗಳಲ್ಲಿ ಮಾವ ಭಟ್ಟರ ಹೋಟೆಲಿನಿಂದ ಊಟ ತರಿಸಿಕೊಂಡರಂತೆ, ಉಪ್ಪಿನ ಸುದ್ದಿ ಒಮ್ಮೆಯೂ ಎತ್ತಲಿಲ್ಲವಂತೆ.

ಆ ಕಥೆಯನ್ನು ಅವರು ಮತ್ತೆ ಹೇಳಲಿಲ್ಲ. ಅತಿಥಿಗಳು ಕೇಳಿದರೆ "ಮರೆತುಹೋಯಿತು" ಎನ್ನುತ್ತಿದ್ದರು. ನಿಜವಾದ ಮರೆವು ಹೇಗಿರುತ್ತದೆಂದು ನಾನು ನೋಡಿ ಬಂದಿದ್ದೆ.

ಇವರಿಗೆ ಕೊಚ್ಚಿಗೆ ವರ್ಗವಾಗಿ ತ್ರಿಪ್ಪುಣಿತ್ತುರದಲ್ಲಿ ಮನೆ ಮಾಡಿದ ಮೇಲೆ ಮಾವನ ಕಾಲಿಗೆ ನೀರು ತುಂಬತೊಡಗಿತು. ಡಾಕ್ಟರು ಉಪ್ಪು ಬಿಡಿಸಿದರು. ದಿನವೂ ಸಪ್ಪೆ ಊಟ. ನಾನು ತಪ್ಪು ಮಾಡುವುದಕ್ಕೇ ಜಾಗವಿಲ್ಲ. ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ಆ ಸೊಟ್ಟ ಬೆರಳು ಎಲೆಯ ತುದಿಯನ್ನು ತಟ್ಟಿತು. "ಒಂದು ಹರಳು" ಎಂದರು.

ಒಂದು ಹರಳು ಇಟ್ಟೆ. ಪ್ರೀತಿಯಿಂದ ಎಂದು ಬರೆದರೆ ದೇವರು ಮೆಚ್ಚುವುದಿಲ್ಲ. ಕೊಡುವವರ ಮುಖ ನೋಡುತ್ತಾ ಕಾಯುವುದು ಏನೆಂದು ನನಗೆ ಗೊತ್ತಿತ್ತು, ಅಷ್ಟೆ. ಅವರು ಅದನ್ನು ಬೆರಳಿಗೆ ಅಂಟಿಸಿ ನಾಲಗೆಗೆ ಮುಟ್ಟಿಸಿ ಗೋಡೆಯ ಕಡೆ ನೋಡಿದರು. ಆ ತಿಂಗಳು ದಾಟಲಿಲ್ಲ.

ಈಗ ವರ್ಷಕ್ಕೊಮ್ಮೆ ಅವರ ಶ್ರಾದ್ಧ. ಆ ಅಡಿಗೆಯ ರುಚಿಯನ್ನೂ ನೋಡುವ ಹಾಗಿಲ್ಲ. ನನಗೆ ನೋಡಬೇಕೆಂದೂ ಇಲ್ಲ, ಸಾರು ಕುದಿಯುವ ಪರಿಮಳದಲ್ಲೇ ಉಪ್ಪು ಗೊತ್ತಾಗುತ್ತದೆ. ಅದು ಅವರ ಬೈಗುಳದಿಂದ ಬಂದ ವಿದ್ಯೆ, ಆ ಋಣ ಇಲ್ಲವೆನ್ನಲಾರೆ. ಶ್ರಾದ್ಧದ ಎಲೆಗೆ ಬರೀ ಉಪ್ಪು ಬಡಿಸಬಾರದೆಂದು ಶಾಸ್ತ್ರ, ಎಲೆಯ ತುದಿ ಖಾಲಿಯೇ. ಕಾಗೆಗೆ ಇಡುವ ಎಲೆಯನ್ನು ಇವರು ಹಿತ್ತಿಲಲ್ಲಿಟ್ಟು ಒಳಗೆ ಹೋಗುತ್ತಾರೆ. ಕಾಗೆ ಬರುತ್ತದೆ, ಕತ್ತು ವಾರೆ ಮಾಡಿ ನೋಡುತ್ತದೆ, ಕೊಕ್ಕು ಹಾಕುತ್ತದೆ.

ಅದು ಎರಡನೆಯ ತುತ್ತು ತೆಗೆಯುವ ತನಕ ನಾನು ಅಡಿಗೆಮನೆಯ ಬಾಗಿಲಲ್ಲೇ ನಿಂತಿರುತ್ತೇನೆ.