ಕೈ ನೆನೆಸದೆ ಕೂತ ಮಧ್ಯಾಹ್ನ

ಜಪಾನಿ ಹೋಟೆಲಿನ ಬಾಗಿಲು ಜಾರಿಸಿ ಕಾಲಿಟ್ಟೆವೋ ಇಲ್ಲವೋ, ಒಳಗಿದ್ದ ನಾಲ್ಕೈದು ಜನ ಒಟ್ಟಿಗೆ ನಮ್ಮ ಮೇಲೆ ಕೂಗಿದರು. ಏನೋ ತಪ್ಪಾಯಿತೆಂದು ನಾನು ಮಗಳ ತೋಳು ಹಿಡಿದು ನಿಂತೆ. ನನ್ನ ಹಿಂದೆ ಬರುತ್ತಿದ್ದ ಅಜ್ಜಿ ಮಾತ್ರ ಅಳುಕಲಿಲ್ಲ. "ಬಂದೊ ಕಣ್ಣು, ಬಂದೊ. ಯಾಕೆ ಅರಚ್ತೀರ" ಎಂದು ಅವರನ್ನೇ ಗದರಿದಳು; ಕಣ್ಣು ಎಂದರೆ ಈ ಕಡೆ ಚಿನ್ನ, ಮರಿ ಎಂದ ಹಾಗೆ. ಆ ಕೂಗು ಬೈಗುಳವಲ್ಲ, ಜಪಾನಿನವರು ಅತಿಥಿಗಳನ್ನು ಬರಮಾಡಿಕೊಳ್ಳುವ ರೀತಿ ಎಂದು ಆಮೇಲೆ ತಿಳಿಯಿತು. ಕೂಗಿದವರಲ್ಲಿ ಜಪಾನಿನವರು ಒಬ್ಬರೂ ಇರಲಿಲ್ಲ. ಇಬ್ಬರು ಹುಡುಗಿಯರು ಮಣಿಪುರದವರು, ಒಬ್ಬ ಪಕ್ಕದ ಪಲ್ಲಡದವನು. ಇನ್ನೊಬ್ಬ, ನೀಲಿ ಅಂಗಿ ತೊಟ್ಟು ಮರದ ಕಟ್ಟೆಯ ಆಚೆ ನಿಂತಿದ್ದವನು, ನನ್ನ ಮಗಳನ್ನು ಮದುವೆಯಾಗಬೇಕೆಂದಿದ್ದ ಕದಿರ್. ಅಜ್ಜಿ ಅವನ ಅಜ್ಜಿ.

ಹೊರಗೆ ತಿರುಪ್ಪೂರಿನ ಹತ್ತಿರದ ಕರುಮತ್ತಂಪಟ್ಟಿಯ ಹೆದ್ದಾರಿ ಇತ್ತು, ಟೈರ್ ಅಂಗಡಿ ಇತ್ತು, ಎಳನೀರಿನ ಗಾಡಿ ಇತ್ತು. ಒಳಗೆ ಅವು ಯಾವುವೂ ಇರಲಿಲ್ಲ. ಕಾಗದದ ದೀಪಗಳಿಂದ ಹಾಲಿನ ಕೆನೆಯಂಥ ಬೆಳಕು ಇಳಿಯುತ್ತಿತ್ತು. ಮೂಲೆಯಲ್ಲಿ ಬಿದಿರಿನ ಕೊಳವೆಯಿಂದ ಕಲ್ಲಿನ ಬಾನಿಗೆ ನೀರು ತೊಟ್ಟಿಕ್ಕುತ್ತಿತ್ತು. ಹಿಂದಿನ ಬೀದಿಯ ಪವರ್‌ಲೂಮ್‌ಗಳ ಸದ್ದು ಗೋಡೆ ದಾಟಿ ಬರುವಾಗ ಮೆತ್ತಗಾಗಿ, ಯಾರೋ ದೂರದಲ್ಲಿ ಕುಟ್ಟುತ್ತಿದ್ದ ಹಾಗೆ ಕೇಳುತ್ತಿತ್ತು. ನಾನು ಎಚ್ಚರವಾಗಿದ್ದೇನೋ ಇಲ್ಲವೋ ಎಂದು ಒಂದು ಗಳಿಗೆ ಅನುಮಾನವೇ ಬಂತು.

ನಾನು ರಾಣೆಬೆನ್ನೂರಿನವಳು. ಯಜಮಾನರು ತೀರಿಹೋದ ಮೇಲೆ ಮಗಳು ಸವಿತಾಳನ್ನು ಕರೆದುಕೊಂಡು ತಿರುಪ್ಪೂರಿಗೆ ಬಂದೆ. ಸ್ವಲ್ಪ ದಿನ ನೋಡೋಣ, ಮಗಳ ಮದುವೆ ಊರ ಕಡೆಗೇ ಮಾಡಿ ನಾನೂ ವಾಪಸಾಗುವುದು ಎಂಬುದು ಲೆಕ್ಕ. ಆ 'ಸ್ವಲ್ಪ ದಿನ'ದಲ್ಲಿ ಮಗಳು ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ನನ್ನ ಕೆಲಸ ಬನಿಯನ್ ಬಟ್ಟೆ ನೋಡುವುದು. ಕೆಳಗೆ ದೀಪವಿರುವ ಗಾಜಿನ ಮೇಜಿನ ಮೇಲೆ ಬಿಳಿ ಬಟ್ಟೆ ಹರಿಯುತ್ತಲೇ ಇರುತ್ತದೆ. ತೂತು, ಎಣ್ಣೆ ಕಲೆ ಕಂಡರೆ ನಿಲ್ಲಿಸಿ ಗುರುತು ಹಾಕಬೇಕು. ರಾತ್ರಿ ಕಣ್ಣು ಮುಚ್ಚಿದರೂ ಬಟ್ಟೆ ಹರಿಯುತ್ತದೆ. ಒಮ್ಮೊಮ್ಮೆ ಅದು ನಮ್ಮೂರ ಮಾರುಕಟ್ಟೆಯಲ್ಲಿ ಗುಡ್ಡೆ ಹಾಕಿದ ಹತ್ತಿಯಾಗಿಬಿಡುತ್ತದೆ, ನಾನು ಅದರ ಮೇಲೆ ಮಲಗಿ ಎಲ್ಲಿಗೋ ಹೋಗುತ್ತಿರುತ್ತೇನೆ.

ಹೊಸದರಲ್ಲಿ ಇಲ್ಲಿನ ಎಲ್ಲದರ ಮೇಲೂ ನನಗೆ ಸಿಟ್ಟು. ಸಾರಿಗೆ ಖಾರವಿಲ್ಲ, ರೊಟ್ಟಿಗೆ ಜೋಳವಿಲ್ಲ, ಮನೆ ಬಾಡಿಗೆಗೆ ಕೇಳಿದರೆ ಗಂಡಸು ಯಾರೂ ಇಲ್ಲವಾ ಎಂಬ ಪ್ರಶ್ನೆ. ಕೊನೆಗೆ ಒಬ್ಬ ಓನರಮ್ಮ ಏನೂ ಕೇಳದೆ ಮಹಡಿಯ ಎರಡು ಕೋಣೆ ಕೊಟ್ಟಳು. ತಮಿಳು ಕಲಿತದ್ದು ಅವಳ ಬಾಯಿಂದಲೇ. ಈ ಕಡೆಯವರು ಮಾತಿನ ತುದಿಗೆ ಒಂದು 'ಂಗ' ಸೇರಿಸುತ್ತಾರೆ. ಬನ್ನಿ ಎನ್ನಲು 'ವಾಂಗ', ಹೇಳಿ ಎನ್ನಲು 'ಸೊಲ್ಲುಂಗ' ಎನ್ನುತ್ತಾರೆ, ಬೈಯುವಾಗಲೂ ಅದನ್ನು ಬಿಡುವುದಿಲ್ಲ. ನಮ್ಮ ಕಡೆ 'ರಿ' ಇಲ್ಲವೇ, ಹಾಗೆ. ಅದು ಹೊಳೆದ ದಿನ ಅರ್ಧ ಸಿಟ್ಟು ಇಳಿಯಿತು. ಹಿಟ್ಟಿನ ಗಿರಣಿಯವನು ನನ್ನನ್ನು ಕಂಡ ಕೂಡಲೇ ತಾನಾಗಿ ಜೋಳದ ಕಲ್ಲು ಸರಿಮಾಡಿದ ದಿನ ಇನ್ನರ್ಧ. ಊರಿನ ರುಚಿಗೆ ಅಲ್ಲಿ ತಮ್ಮ ಬಸು ಇದ್ದಾನೆ. ಯುಗಾದಿಗೆ ಮುಂಚೆ ಗುರೆಳ್ಳು ಹಿಂಡಿಯ ಡಬ್ಬಿ, ಅಂದರೆ ಹುಚ್ಚೆಳ್ಳಿನ ಚಟ್ನಿಪುಡಿ, ಅದರ ಜೊತೆಗೊಂದು ಕನ್ನಡ ಕ್ಯಾಲೆಂಡರ್ ತಪ್ಪದೆ ಕಳಿಸುತ್ತಾನೆ. ಅದನ್ನು ಓನರಮ್ಮ ಕೊಡುವ ತಮಿಳು ಕ್ಯಾಲೆಂಡರಿನ ಪಕ್ಕದ ಮೊಳೆಗೆ ತೂಗುಹಾಕುತ್ತೇನೆ.

ಸವಿತಾ ಕೆಲಸ ಮಾಡುವುದು ಕರುಮತ್ತಂಪಟ್ಟಿಯ ಒಂದು ರಫ್ತು ಆಫೀಸಿನಲ್ಲಿ. ಬಟ್ಟೆ ಕೊಳ್ಳಲು ಬಂದ ಜಪಾನಿನವರನ್ನು ಒಮ್ಮೆ ಈ ಹೋಟೆಲಿಗೆ ಕರೆತಂದಿದ್ದಳು. ಊಟದ ನಡುವೆ ಫೋನಿನಲ್ಲಿ ನನ್ನ ಜೊತೆ ಜಗಳವಾಡುತ್ತಿದ್ದಾಗ, ಕಟ್ಟೆಯ ಆಚೆ ಮೀನು ಕೊಯ್ಯುತ್ತಿದ್ದವನು ತಲೆಯೆತ್ತದೆ, "ಅಮ್ಮನ್ನ ಅಷ್ಟು ಬೈಬೇಡಿಂಗ" ಎಂದನಂತೆ. ತಲೆಮಾರುಗಳಿಂದ ಇಲ್ಲೇ ಇರುವ ನೇಕಾರರ ಮನೆಯ ಹುಡುಗ. ಮನೆಮಾತು ಕನ್ನಡ, ಓದು ತಮಿಳು, ಅಡುಗೆ ಕಲಿತದ್ದು ಚೆನ್ನೈನಲ್ಲಿ ಒಬ್ಬ ಜಪಾನಿ ಅಡುಗೆಯವನ ಕೈಕೆಳಗೆ. ಅವನು ಮಾಡುವ ಸುಶಿ ಎಂದರೆ ಹುಳಿ ಬೆರೆಸಿದ ಅನ್ನ, ಅದರ ಮೇಲೋ ಒಳಗೋ ಹಸಿ ಮೀನು. ನಮ್ಮ ಮನೆಯಲ್ಲಿ ಮೊಟ್ಟೆಯೂ ಹೊಸಿಲು ದಾಟಿಲ್ಲ. ಅವನನ್ನೇ ಮದುವೆಯಾಗುತ್ತೇನೆ ಎಂದು ಮಗಳು ಹೇಳಿದಾಗ ನಾನು ಒಂದು ವಾರ ಅವಳ ಜೊತೆ ಮಾತು ಬಿಟ್ಟೆ. ಆಮೇಲೆ ಅವಳು ಊಟ ಬಿಟ್ಟಳು. ಹೆತ್ತವಳು ಎಷ್ಟು ದಿನ ನೋಡಿಕೊಂಡಿರುತ್ತಾಳೆ? ಬರಲಿ, ನೋಡೋಣ ಎಂದೆ.

ಕದಿರ್‌ನ ತಾಯಿ ಸರೋಜಮ್ಮ ಮತ್ತು ಅಜ್ಜಿ ಒಂದು ಭಾನುವಾರ ಬಂದರು. ಉಪ್ಪಿಟ್ಟು, ಶಿರಾ, ಮಿರ್ಚಿ ಭಜಿ ಮಾಡಿದ್ದೆ. ಅವರು ಒಂದನ್ನೂ ಮುಟ್ಟಲಿಲ್ಲ, ನೀರು ಕೂಡ ಕುಡಿಯಲಿಲ್ಲ. "ಪರವಾಯಿಲ್ಲ, ಇರಲಿ" ಎನ್ನುತ್ತಾ ನಗುತ್ತಾ ಕೂತರು. ಅಜ್ಜಿ ಎದ್ದು ಗೋಡೆಯ ಹತ್ತಿರ ಹೋಗಿ ಕನ್ನಡ ಕ್ಯಾಲೆಂಡರಿನ ಮೇಲೆ ಬೆರಳಾಡಿಸಿದಳು. "ಇದು ನಮ್ಮ ಮಾತಾ ಕಣ್ಣು? ನಮ್ಮ ಮಾತಿಗೆ ಎಳುತ್ತು ಇದೆ ಅಂತ ಕೇಳಿದ್ದೆ, ಕಂಡಿರ್ಲಿಲ್ಲ" ಎಂದಳು. ಎಳುತ್ತು ಎಂದರೆ ಅಕ್ಷರ. ನನ್ನ ಕಣ್ಣು ಅವರು ಮುಟ್ಟದ ತಟ್ಟೆಗಳ ಮೇಲೇ ಇತ್ತು. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿನ ತಟ್ಟೆ ಸರಿಸಿದರೆ ಸಂಬಂಧ ಬೇಡವೆಂದೇ ಅರ್ಥ. ಅವರು ಹೋದ ಮೇಲೆ ಅಷ್ಟೂ ತಿಂಡಿಯನ್ನು ಓನರಮ್ಮನ ಮನೆಗೆ ಕೊಟ್ಟು, ಅವರ ದೊಡ್ಡಸ್ತಿಕೆಯನ್ನು ಬಾಯ್ತುಂಬ ಆಡಿಕೊಂಡೆ.

ಓನರಮ್ಮ ಭಜಿ ತಿನ್ನುತ್ತಾ ನಕ್ಕಳು. ಇಲ್ಲಿ ಕ್ರಮ ತಿರುಗಾಮುರುಗಾ ಎಂದಳು. ಮಾತು ಪಕ್ಕಾ ಆಗುವ ತನಕ ಒಬ್ಬರ ಮನೆಯಲ್ಲಿ ಇನ್ನೊಬ್ಬರು 'ಕೈ ನೆನೆಸುವುದಿಲ್ಲ', ಅಂದರೆ ಉಣ್ಣುವುದಿಲ್ಲ. ಉಂಡರೆ ಒಪ್ಪಿದ ಹಾಗೆ. ಉಂಡ ಮೇಲೆ ಬೇಡವೆಂದರೆ ಅನ್ನಕ್ಕೇ ಅವಮಾನ. ಅವರು ಮುಟ್ಟದೆ ಹೋಗಿದ್ದಾರೆಂದರೆ ನಿನಗೂ ಯೋಚಿಸಲು ಜಾಗ ಬಿಟ್ಟಿದ್ದಾರೆ, ಅಷ್ಟೆ. ನನಗೆ ನಾಚಿಕೆಯಾಯಿತು, ಜೊತೆಗೆ ಭಯವೂ ಆಯಿತು. ಬೇಡವೆಂದಿದ್ದರೆ ನನ್ನ ಕೆಲಸ ಸುಲಭವಿತ್ತು. ಈಗ ಹೂಂ ಎನ್ನಬೇಕೋ ಉಹೂಂ ಎನ್ನಬೇಕೋ, ಅದು ನನ್ನ ತಲೆಯ ಮೇಲೇ ಬಂತು. ಹೂಂ ಎಂದರೆ ಮಗಳು ಇಲ್ಲಿನವಳಾಗುತ್ತಾಳೆ. ಮಗಳನ್ನು ಇಲ್ಲಿ ಬಿಟ್ಟು ನಾನೊಬ್ಬಳೇ ಊರಿಗೆ ಹೋಗಿ ಯಾರ ಮುಖ ನೋಡಲಿ? ಅಂದಮೇಲೆ ನಾನೂ ಇಲ್ಲಿಯೇ.

ಇನ್ನೊಮ್ಮೆ ಕೂತು ಮಾತಾಡೋಣ ಎಂದು ಸರೋಜಮ್ಮ ಫೋನು ಮಾಡಿದರು. "ನಿಮ್ಮನೇನೂ ಬೇಡ, ನಮ್ಮನೇನೂ ಬೇಡ. ಹೋಟ್ಲು ಆದ್ರೆ ಯಾರ ಮನೇನೂ ಅಲ್ಲ, ಧಾರಾಳವಾಗಿ ತಿನ್ನಬಹುದು. ಆಡಿ ತಿಂಗಳು ಬರೋ ಮುಂಚೆ ಮುಗಿಸಿಬಿಡೋಣ" ಎಂದರು. ತಮಿಳಿನ ಆಡಿ ತಿಂಗಳಲ್ಲಿ ಇವರು ಶುಭದ ಮಾತಾಡುವುದಿಲ್ಲ, ನಾವು ಆಷಾಢದಲ್ಲಿ ಆಡುವುದಿಲ್ಲ. ಆದರೆ ಎರಡೂ ಒಂದೇ ದಿನ ಶುರುವಾಗುವುದಿಲ್ಲ. ನನ್ನ ಗೋಡೆಯ ಮೇಲೆ ಒಂದು ಮೊಳೆಯಲ್ಲಿ ಆಷಾಢ ಹುಟ್ಟಿಯಾಗಿತ್ತು, ಪಕ್ಕದ ಮೊಳೆಯಲ್ಲಿ ಆಡಿಗೆ ಮುಂಚಿನ ಆನಿ ತಿಂಗಳು ಇನ್ನೂ ಮುಗಿದಿರಲಿಲ್ಲ. ಮಾತಾಡುವುದು ತಾನೆ, ಒಪ್ಪುವುದೇನಲ್ಲವಲ್ಲ ಎಂದುಕೊಂಡು, ಬರುತ್ತೇವೆ ಎಂದೆ. ಕದಿರ್ ತನ್ನ ಮಾಲೀಕನನ್ನು ಕೇಳಿ, ಮಧ್ಯಾಹ್ನದ ಗಿರಾಕಿಗಳು ಎದ್ದುಹೋದ ಮೇಲಿನ ಹೊತ್ತನ್ನು ನಮಗಾಗಿ ಇಟ್ಟ.

ಹಾಗೆ ಬಂದು ಕೂತಿದ್ದೆವು. ಮರದ ಕಟ್ಟೆಗೆ ಎದುರಾಗಿ ನಾನು, ಸವಿತಾ, ಅಜ್ಜಿ, ಸರೋಜಮ್ಮ. ಬಿಸಿ ಬಿಸಿ ಒದ್ದೆ ಟವೆಲು ಕೊಟ್ಟರು. ಅಜ್ಜಿ ಅದರಿಂದ ಮುಖ, ಕತ್ತು, ಮೊಣಕೈ ಎಲ್ಲ ಒರೆಸಿಕೊಂಡು, "ಸುಖವಾಗೈತೆ" ಎಂದಳು. ಕದಿರ್ ಅನ್ನವನ್ನು ಅಂಗೈಯಲ್ಲಿ ಹಿಡಿದು, ಮೆಲ್ಲಗೆ ಅದುಮಿ, ಬಿದಿರಿನ ಚಾಪೆಯಲ್ಲಿ ಸುತ್ತುತ್ತಿದ್ದ. ಅವನ ಕೈ ಆತುರವಿಲ್ಲದೆ ಹೋಗಿ ಬರುತ್ತಿತ್ತು, ಹಿಂದಿನ ಬೀದಿಯ ಮಗ್ಗ ಅದಕ್ಕೆ ತಾಳ ಹಾಕುತ್ತಿತ್ತು. ನೋಡುತ್ತಾ ನೋಡುತ್ತಾ ನನ್ನ ಗಾಜಿನ ಮೇಜಿನ ಬಟ್ಟೆ ನೆನಪಾಯಿತು. ಇಲ್ಲಿ ಬಿಳಿ ಹರಿಯುವುದನ್ನು ನಿಲ್ಲಿಸಿ ಉಂಡೆಯಾಗಿ ಕೂತಂತಿತ್ತು. ಹಾಗೇ ಸಂಜೆಯವರೆಗೂ ಕೂತಿರಬಹುದು ಎನ್ನಿಸಿತು.

"ಆಂಟಿ, ಇವತ್ತು ಮೀನು ಮುಟ್ಟಿಲ್ಲಿಂಗ" ಎಂದ ಅವನು. "ಚಾಕು, ಹಲಗೆ, ಚಾಪೆ ಎಲ್ಲಾ ಹೊಸದು. ನಿಮಗೇ ಅಂತ ಎತ್ತಿಟ್ಟಿದ್ದೆ."

ತಟ್ಟೆಗಳು ಬಂದವು. ಕರಿ ಕಲ್ಲಿನ ಹಲಗೆಯ ಮೇಲೆ ಅನ್ನದ ಪುಟ್ಟ ಗಾಲಿಗಳು, ನಡುವೆ ಸೌತೆಕಾಯಿ, ಸುತ್ತ ಕಪ್ಪು ಪುಡಿ. ಸರೋಜಮ್ಮ ಜಪಾನಿನವರು ಉಣ್ಣುವ ಎರಡು ಕಡ್ಡಿಗಳನ್ನು ಎತ್ತಿದವರು ಹಾಗೇ ಕೆಳಗಿಟ್ಟರು.

"ಅತ್ತೆ" ಎಂದರು ಅಜ್ಜಿಯ ಕಡೆ ಬಗ್ಗಿ, ಸಣ್ಣ ದನಿಯಲ್ಲಿ. "ಹೋಟ್ಲು ಸರಿ. ಆದ್ರೆ ಮಾಡಿದ್ದು ನಮ್ಮ ಹುಡುಗ ತಾನೆ? ಇವ್ರು ತಿಂದ್ರೆ ನಮ್ಮ ಕೈದು ತಿಂದಂಗಲ್ವಾ?"

ಯಾರೂ ಅದನ್ನು ಯೋಚಿಸಿರಲಿಲ್ಲ. ಇಷ್ಟು ದೂರ ಬಂದು, ಯಾರ ಮನೆಯೂ ಅಲ್ಲದ ಜಾಗ ಹುಡುಕಿ, ನೇರವಾಗಿ ಹುಡುಗನ ಒಲೆಯ ಮುಂದೆಯೇ ಬಂದು ಕೂತಿದ್ದೆವು. ನಾನು ನನ್ನ ಕಡ್ಡಿಗಳನ್ನು ಕೆಳಗಿಟ್ಟೆ. ಸವಿತಾ ತಲೆ ತಗ್ಗಿಸಿದಳು. ಕದಿರ್‌ನ ಕೈ ನಿಂತಿತು. ಮಣಿಪುರದ ಹುಡುಗಿ ಬಂದು, ಊಟ ಚೆನ್ನಾಗಿಲ್ಲವೇ ಎಂದು ತಮಿಳಿನಲ್ಲಿ ಕೇಳಿದಳು. ಸರೋಜಮ್ಮ, "ನಲ್ಲಾ ಇರುಕ್ಕು ಕಣ್ಣು" ಎಂದರು, ಚೆನ್ನಾಗಿದೆಯಂತೆ. ಬಾಯಿಗೇ ಇಟ್ಟಿರಲಿಲ್ಲ. ಬಿದಿರಿನ ಕೊಳವೆ ತೊಟ್ಟಿಕ್ಕುತ್ತಲೇ ಇತ್ತು.

ಬೇರೆ ಕಡೆ ನೋಡಲಾರದೆ ನಾನು ತಟ್ಟೆಯನ್ನೇ ನೋಡುತ್ತಿದ್ದೆ. ಆ ಕಪ್ಪು ಪುಡಿ ಎಳ್ಳಿನದಲ್ಲ. ಬಗ್ಗಿದರೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುರಿದ ಗುರೆಳ್ಳಿನ ವಾಸನೆ ಬಂತು. ರಾಣೆಬೆನ್ನೂರಿನ ಅಡುಗೆಮನೆ ಮೂಗಿಗೇ ಬಡಿಯಿತು. ಆ ಊರಿನ ನೆನಪನ್ನು ಮೂಗಿನ ಹತ್ತಿರ ಹಿಡಿದು, ಉಣ್ಣಬೇಡ ಎಂದರೆ ಹೇಗೆ?

"ಸವಿತಾ, ಡಬ್ಬಿ ಎಲ್ಲಿಗೆ ಹೋತು ಅಂತ ನಾ ಮೊನ್ನೆಯಿಂದ ಹುಡುಕಾಕತ್ತೀನಿ" ಎಂದೆ.

"ಅವ್ರು ಕೇಳಿದ್ರು" ಎಂದಳು ಅವಳು. "ಅಮ್ಮಗ ಯಾವ ರುಚಿ ಸೇರ್ತದ ಅಂತ. ನಾ ಕೊಟ್ಟೆ."

ಅಜ್ಜಿ ನಮ್ಮಿಬ್ಬರ ಮುಖವನ್ನೂ ನೋಡಿದಳು. "ಏನಂತೆ?"

"ಇದು ನಮ್ಮ ಮನಿ ಹಿಂಡಿ, ಅಜ್ಜಿ. ನನ್ನ ತಮ್ಮ ಊರಿಂದ ಕಳಿಸಿದ್ದು."

ಅಜ್ಜಿ ಒಂದು ಗಾಲಿಯನ್ನು ಬೆರಳುಗಳಲ್ಲೇ ಎತ್ತಿದಳು. ಬಾಯಿಯವರೆಗೆ ತಂದು ಅಲ್ಲೇ ತಡೆದಳು. ಅನ್ನದ ಒಂದು ಅಗುಳು ಕಟ್ಟೆಯ ಮೇಲೆ ಬಿತ್ತು.

"ಅಂದ್ರೆ ನಾನ್ ಉಂಡ್ರೆ ನಿಮ್ಮನೇದು ಉಂಡಂಗೆ" ಎಂದಳು. "ನೀನ್ ಉಂಡ್ರೆ ನಮ್ಮನೇದು ಉಂಡಂಗೆ. ಹೇಳು ಕಣ್ಣು. ಉಣ್ಲಾ, ಇಟ್ಬಿಡ್ಲಾ? ನೀ ಇಡು ಅಂದ್ರೂ ನಂಗೆ ಕೋಪ ಇಲ್ಲ."

ಕದಿರ್ ಮೊದಲ ಬಾರಿ ನನ್ನ ಮುಖವನ್ನು ನೇರವಾಗಿ ನೋಡಿದ. ಹೆದರಿದ್ದ, ಪಾಪ. ಸವಿತಾಳ ಕೈ ಕಟ್ಟೆಯ ಕೆಳಗೆ ನನ್ನ ಸೆರಗಿನ ಚುಂಗು ಹಿಡಿದಿತ್ತು, ಚಿಕ್ಕವಳಿದ್ದಾಗ ಸಂತೆಯಲ್ಲಿ ಹಿಡಿಯುತ್ತಿದ್ದಳಲ್ಲ, ಹಾಗೆ. ಇಷ್ಟು ಕಾಲ ಮನಸ್ಸಿನಲ್ಲಿ ಬಿಗಿ ಹಿಡಿದಿದ್ದ ಬಸ್ಸೊಂದು, ರಾಣೆಬೆನ್ನೂರಿಗೆ ಹೋಗುವ ಬಸ್ಸು, ನಾನಿಲ್ಲದೆ ಮೆತ್ತಗೆ ಹೊರಟುಹೋದಂತೆ ಅನ್ನಿಸಿತು. ಅಳು ಬಂತು. ಸಿಟ್ಟು ಮಾತ್ರ ಬರಲಿಲ್ಲ.

"ಉಣ್ರಿ ಅಜ್ಜಿ" ಎಂದೆ. ಕಡ್ಡಿಗಳನ್ನು ಬದಿಗಿಟ್ಟು ನಾನೂ ಕೈಯಿಂದಲೇ ಎತ್ತಿಕೊಂಡೆ.

ಮೊದಲು ಹುಳಿ, ಆಮೇಲೆ ತಣ್ಣಗಿನ ಅನ್ನ, ಕೊನೆಗೆ ನಾಲಿಗೆಯ ಬುಡದಲ್ಲಿ ನಮ್ಮ ಖಾರ. ಸತ್ಯ ಹೇಳಬೇಕೆಂದರೆ ಅಷ್ಟೇನೂ ಹಿಡಿಸಲಿಲ್ಲ. ಆದರೂ ಮುಂದಿನದನ್ನು ಎತ್ತಿಕೊಂಡೆ. ಸರೋಜಮ್ಮ ಕಣ್ಣೊರೆಸಿಕೊಂಡು, "ಸಂಬಂದಿ, ಖಾರ ಜಾಸ್ತಿ" ಎಂದರು. ಇಲ್ಲಿ ಸಂಬಂದಿ ಎಂದರೆ ಬೀಗರು. ನನ್ನನ್ನು ಯಾರೋ ಹಾಗೆ ಕರೆದದ್ದು ಅದೇ ಮೊದಲು, ಅದೂ ಖಾರದ ದೂರಿನ ಜೊತೆ. ಕದಿರ್ ಇನ್ನೂ ಸುತ್ತುತ್ತಿದ್ದ, ಈಗ ಅವನ ಕೈಗೆ ಆತುರ ಬಂದಿತ್ತು. ಹೊರಬಂದಾಗ ಪಾಲಕ್ಕಾಡಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ಬಸ್ಸಿನುದ್ದಕ್ಕೂ ನನ್ನ ಬೆರಳುಗಳು ಹುಳಿ ಮತ್ತು ಗುರೆಳ್ಳಿನ ವಾಸನೆ ಬೀರುತ್ತಿದ್ದವು. ನಾನು ತೊಳೆದುಕೊಳ್ಳಲಿಲ್ಲ.

ಸಂಜೆ ಬಸುವಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವನು ಮೀನಿನ ಬಗ್ಗೆ ಏನೂ ಅನ್ನಲಿಲ್ಲ.

"ಅಕ್ಕ, ಈಗ ಆಷಾಢ ಅಲ್ಲೇನು? ನಮ್ಮಲ್ಲಿ ಆಷಾಢದಾಗ ಯಾರರ ಮಾತು ಕೊಡ್ತಾರೇನು?"

"ನಮ್ಮಲ್ಲಿ ಇನ್ನೂ ಆನಿ ಐತೆಪ್ಪ" ಎಂದೆ.

ಅಂದ ಮೇಲೆ ಆ 'ನಮ್ಮಲ್ಲಿ' ನನಗೇ ಕೇಳಿಸಿತು. ಅವನಿಗೂ ಕೇಳಿಸಿರಬೇಕು. ಅವರ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದದ್ದು ಕೇಳಿತು.

"ಬರೋ ವರ್ಷ ಕ್ಯಾಲೆಂಡರ್ ಕಳಸ್ಲೋ, ಬ್ಯಾಡೋ?" ಎಂದ. ಹಂಗಿಸುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ.

"ಎರಡು ಕಳಸು" ಎಂದೆ. "ಒಂದು ಸವಿತಾನ ಮನಿಗೆ."

"ಅಲ್ಲಿ ಕನ್ನಡ ಓದಾವ್ರು ಯಾರದಾರ?"

"ಅಜ್ಜಿ ಅದಾಳ. ಇನ್ನೂ ಓದಾಕ ಬರಂಗಿಲ್ಲ" ಎಂದೆ. "ಸವಿತಾ ಹೊಂಟಾಳಲ್ಲ, ಕಲಿಸ್ತಾಳ."