ಗೆರೆ ಏರಿದಾಗ

ಅಂದು ಬೆಳಿಗ್ಗೆಯೂ ಎಂದಿನಂತೆ ಇಡ್ಲಿ ಬೇಯಿಸಿ, ತುಳಸಿಗೆ ನೀರು ಹಾಕಿ, ಚಾಂದ್‌ಖೇಡಾ ಬಡಾವಣೆಯ ಮನೆಗೆ ಬೀಗ ಹಾಕಿ ಮಗಳು ನಿಧಿಯ ಜೊತೆ ಹೊರಟೆ. ಸೈಕ್ಲಿಂಗ್ ತಂಡವೊಂದರಲ್ಲಿರುವ ಅವಳಿಗೆ ಅಂದು ತರಬೇತಿ ಕೇಂದ್ರದಲ್ಲಿ ಶಕ್ತಿಪರೀಕ್ಷೆ. ನಾನು ಅದನ್ನು ನೋಡುತ್ತಿದ್ದುದು ಅದೇ ಮೊದಲು.

ಉಸಿರು ಅಳೆಯುವ ಮಾಸ್ಕ್ ಹಾಕಿಕೊಂಡು ಅವಳು ನಿಂತಲ್ಲೇ ನಿಂತ ಸೈಕಲ್ ತುಳಿಯುತ್ತಿದ್ದಳು. ಆಗಾಗ ಕೋಚ್ ಅವಳ ಕಿವಿಯ ಹಾಲೆಯಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸುತ್ತಿದ್ದರು. ಬಿಚ್ಚಿಕೊಟ್ಟ ಓಲೆಗಳು ನನ್ನ ಮುಷ್ಟಿಯಲ್ಲಿದ್ದವು. ಅವಳ ಕತ್ತಿನ ನರ ಉಬ್ಬಿತು. ಪರದೆಯ ಮೇಲಿನ ಕೆಂಪು ಗೆರೆ ಒಮ್ಮೆಲೇ ಮೇಲಕ್ಕೆ ಹಾರಿತು. ಜ್ವರದ ಚಾರ್ಟ್ ಬಿಟ್ಟು ಬೇರೆ ಗೆರೆ ಓದಲು ಬಾರದ ನನಗೆ, ಗೆರೆ ಏರಿದರೆ ಅಪಾಯವೆಂದೇ ಅರ್ಥ.

“ಸಾಕು, ನಿಲ್ಲಿಸಿ!” ಎಂದು ಕೂಗಿಬಿಟ್ಟೆ.

ಕೋಚ್ ತಿರುಗಿ ನಕ್ಕರು. “ಆಂಟೀ, ಇದು ರಕ್ತದಲ್ಲಿನ ಲ್ಯಾಕ್ಟೇಟ್, ಸ್ನಾಯು ದಣಿದಾಗ ಏರಲೇಬೇಕು. ಹೋದ ಸಲ ಬೇಗ ಏರಿತ್ತು, ಈ ಸಲ ತಡವಾಗಿ ಏರಿದೆ. ಅಂದ್ರೆ ಬಲ ಹೆಚ್ಚಾಗಿದೆ.”

ಮಾತು ಅರ್ಥವಾಯಿತು. ಆದರೆ ಅವಳು ಇಳಿದು ನೆಲಕ್ಕೊರಗಿ ಉಸಿರಿಗೆ ಒದ್ದಾಡಿದ್ದನ್ನು ಕಂಡ ಮೇಲೆ ನಾನೂ ಓಲೆ ಹಿಡಿದುಕೊಂಡೇ ಅವಳ ಪಕ್ಕ ನೆಲಕ್ಕೆ ಕುಳಿತುಬಿಟ್ಟೆ.

ಸಂಜೆ ನಿಧಿ ಹಾಡು ಗುನುಗುತ್ತಾ ಎರಡನೇ ಸಲ ಅನ್ನ ಬಡಿಸಿಕೊಳ್ಳುತ್ತಿದ್ದಳು; ನಾನು ಸುಸ್ತಾಗಿ ಗೋಡೆಗೊರಗಿ ಕುಳಿತಿದ್ದೆ. ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆಯ ಹಂಸಾಬೇನ್ ಸುದ್ದಿ ಕೇಳಿ, ನಮ್ಮಿಬ್ಬರ ಮುಖ ನೋಡಿ ಅಂದರು: “ಅರೇ ಭಾಭಿ, ಸೈಕಲ್ ತುಳಿದದ್ದು ಇವಳಾ, ನೀವಾ?”